ಹಸು ನಂಬರ್ ೪೧೭ಕ್ಕೆ ಸಿಕ್ಕ ಉಪಚಾರ ನನಗೇಕಿಲ್ಲ?

ಮಾನ್ಯರಾದ ಹಸು ನಂಬರ್ ೪೧೭ ಅವರ ಸನ್ನಿಧಿಗೆ,

ನ್ಯೂಜಿಲೆಂಡಿನ ತರಾನಾಕಿಯಲ್ಲಿ ತಮ್ಮ ಕೊಟ್ಟಿಗೆಯಿಂದ ಇನ್ನೂರು ಹೆಜ್ಜೆ ದೂರದ ಮನೆಯಲ್ಲಿರುವ ನೋಲೀನ್ ಹಿಕ್‌ಫರ್ಡ್, ವಯಸ್ಸು ಐವತ್ತಾರು, ಮಾಡುವ ವಂದನೆಗಳು. ತಾವೂ ತಮ್ಮ ಕರುವೂ ಕ್ಷೇಮವೆಂದು ನಂಬಿದ್ದೇನೆ. ಆದರೂ ಸೆಗಣಿ ತೆಳ್ಳಗಾಗಿದೆಯೇನೋ ಎಂಬ ಚಿಂತೆ ಇದ್ದೇ ಇದೆ, ಯಾಕೆಂದರೆ ಚಿಂತೆ ಮಾಡದೆ ನನಗೆ ಬೆಳಗಾಗುವುದಿಲ್ಲ. ಹದಿನೈದಕ್ಕೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಮನ್ನಿಸಬೇಕು.

ಮಾನ್ಯರೇ, ಆಗಸ್ಟಿನಲ್ಲಿ ತಮ್ಮ ಕರು ಹೊಟ್ಟೆಯಲ್ಲೇ ಅಡ್ಡ ತಿರುಗಿದಾಗ ಬಾಲ ಹಿಡಿದು ನಿಂತವಳು ನಾನೇ. ಪಶುವೈದ್ಯರು ಜಾರುವ ದ್ರವವನ್ನು ಬಕೆಟ್‌ಗಟ್ಟಲೆ ಸುರಿದರು, ಸಾಲದೆಂದು ನನ್ನ ಗಂಡ ಮರ್ವ್, "ಇನ್ನೂ ಹಾಕಿ ಡಾಕ್ಟ್ರೇ, ಪಾಪ, ಒಣಗಿ ಹೋಗಿದೆ ಅವಳಿಗೆ, ನೋಯುತ್ತೆ!" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮುಟ್ಟು ನಿಂತ ನಾಲ್ಕು ವರ್ಷದಿಂದ ನನಗೂ ಅಲ್ಲೇ ಒಣಗಿ, ಉರಿದು, ಅವನು ಹತ್ತಿರ ಬಂದರೆ ಉಪ್ಪುಕಾಗದ ಉಜ್ಜಿದಂತಾಗಿ, ನಾನು ದೂರ ಸರಿದು ಮಲಗುತ್ತಿದ್ದುದರ ಕಾರಣ ಮಾತ್ರ ಆ ಕರುಣಾಮೂರ್ತಿಗೆ ತಿಳಿದಿರಲಿಲ್ಲ. ಹೇಳದ ತಪ್ಪು ನನ್ನದೇ. ಒಂದು ದಿನ ದಿಂಬು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದವನು ಮತ್ತೆ ಬರಲಿಲ್ಲ. ನಾನೋ, ಇದು ಕ್ಯಾನ್ಸರೇ ಇರಬೇಕೆಂದು ನಿಶ್ಚಯಿಸಿ, ನಾನು ಸತ್ತ ಮೇಲೆ ಅವನು ಯಾರನ್ನು ಕಟ್ಟಿಕೊಳ್ಳುತ್ತಾನೆಂಬುದನ್ನೂ ಹೆಸರು ಸಮೇತ ಯೋಚಿಸಿಟ್ಟೆ.

ಕೊನೆಗೆ ತಮ್ಮ ಕೆಚ್ಚಲಿನ ಮುಲಾಮಿಗೆ ಕೈ ಹಾಕಿದೆ. ಇಲ್ಲಿನ ಹೆಂಗಸರೆಲ್ಲ ಒಡೆದ ಕೈಗೆ ಹಚ್ಚುವುದು ಅದನ್ನೇ. ಕೈಗೆ ಆಗುವುದು ಎಲ್ಲಿಗಾದರೂ ಆದೀತೆಂದುಕೊಂಡೆ. ಅದರಲ್ಲಿ ಪುದೀನಾ ಎಣ್ಣೆ ಇದೆಯೆಂದು ಡಬ್ಬಿಯ ತಳದಲ್ಲಿ ಬರೆದಿದ್ದನ್ನು ಓದಿದ್ದು ಹಚ್ಚಿಕೊಂಡ ಮೇಲೆ. ಅಂಥ ಬೆಂಕಿಯನ್ನು ಮೆಲುಕು ಹಾಕುತ್ತಲೇ ಸಹಿಸುವ ತಮ್ಮ ಸಹನೆಗೆ ಸಾಷ್ಟಾಂಗ ನಮಸ್ಕಾರ. "ಏನೇ, ಬೇಲಿ ಮೇಲೆ ಕೂತು ಬಂದವಳ ಹಾಗೆ ನಡೀತಿದ್ದೀಯಲ್ಲ?" ಎಂದ ಮರ್ವ್. ಸೊಂಟ ಹಿಡಿದಿದೆ ಎಂದೆ.

ಮಾರನೇ ದಿನ ಕ್ಲಿನಿಕ್ಕಿಗೆ ಹೋದರೆ, ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಮರ್ವ್‌ನ ತಂಗಿ. ಕಿವಿನೋವು ಎಂದು ಬರೆಸಿದೆ. ನರ್ಸ್ ಹೇನಿ ಎರಡೂ ಕಿವಿ ನೋಡಿ, ಬಾಗಿಲು ಹಾಕಿ, "ಆಂಟಿ, ಕಿವಿ ಚೆನ್ನಾಗೇ ಇವೆ. ಈಗ ನಿಜ ಹೇಳ್ತೀರೋ, ಮೂಗೂ ನೋಡ್ಲೋ?" ಎಂದಾಗ ಅಳುತ್ತಾ ಎಲ್ಲ ಹೇಳಿದೆ. ಪರೀಕ್ಷೆ ಮಾಡಿದಳು. "ಕ್ಯಾನ್ಸರೂ ಇಲ್ಲ, ಏನೂ ಇಲ್ಲ. ಇದಕ್ಕೆ ಯೋನಿ ಒಣಗೋದು ಅಂತಾರೆ, ಹೆಸರು ಹೇಳಿದ್ರೆ ಯಾರೂ ಸಾಯಲ್ಲ. ಮುಟ್ಟು ನಿಂತ ಮೇಲೆ ಎಷ್ಟೋ ಜನಕ್ಕೆ ಆಗುತ್ತೆ. ಅಲ್ಲಿಗೆ ಸೋಪು ಬೇಡ, ಬರೀ ನೀರು. ತೇವ ಉಳಿಸೋ ಜೆಲ್ ವಾರಕ್ಕೆ ಎರಡು ಮೂರು ಸಲ, ಅಂಕಲ್ ಜೊತೆಗಿರುವಾಗ ಜಾರೋ ಜೆಲ್ ಬೇರೆ. ಡಾಕ್ಟ್ರು ಒಪ್ಪಿದ್ರೆ ಈಸ್ಟ್ರೋಜನ್ ಕ್ರೀಮು. ಗುಣ ಕಾಣೋಕೆ ಕೆಲವು ವಾರ ಬೇಕು. ರಕ್ತ ಕಂಡ್ರೆ ಮಾತ್ರ ಕಾಯದೆ ಬನ್ನಿ. ಹಸು ಡಬ್ಬಿ ಹಸುಗೇ ಇರ್ಲಿ, ಆಂಟಿ!"

ಮನೆಗೆ ಬಂದು, ಪಾತ್ರೆ ತೊಳೆಯುತ್ತಾ, ಮುಖ ನೋಡದೆ ಮರ್ವ್‌ಗೆ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಒಂದೇ ತಟ್ಟೆ ಒರೆಸಿದ.

"ಇಷ್ಟೇನಾ? ಆ ಗೊಬ್ಬರ ಮಾರೋ ಗ್ರೇಮ್ ಮೇಲೆ ನಿಂಗೆ ಮನಸ್ಸಾಗಿದೆ ಅಂದ್ಕೊಂಡಿದ್ದೆ ಕಣೇ."

"ಗ್ರೇಮಾ? ಅವನಿಗೆ ಹಲ್ಲೇ ಇಲ್ವಲ್ಲ ಮಾರಾಯ!"

"ಅದಕ್ಕೇ ಜಾಸ್ತಿ ಬೇಜಾರಾಗಿತ್ತು."

ಎರಡು ತಿಂಗಳಾಯಿತು. ನೋವಿಲ್ಲ, ಮರ್ವ್ ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಾನೆ. ಡಾಕ್ಟರು ಬರೆದುಕೊಟ್ಟ ಕ್ರೀಮು ಅಂಗಡಿಗೆ ಬರುವುದೇ ನಿಂತುಹೋದರೆ ಎಂಬ ಹೊಸ ಚಿಂತೆಯೂ ಸುಖವಾಗಿದೆ. ಆದ್ದರಿಂದ ಮಾನ್ಯರೇ, ನಮ್ಮ ಮಹಿಳಾ ಸಂಘದ ಮುಂದಿನ ಸಭೆಯ ಅಧ್ಯಕ್ಷತೆಯನ್ನು ತಾವೇ ವಹಿಸಿ, ಚಹಾ ಮತ್ತು ಸ್ಕೋನ್ ಬನ್ನಿನ ನಡುವೆ ಬಾಲವೆತ್ತಿ ನಿಂತು, ನಾಚಿಕೆಯಿಲ್ಲದೆ ಉಪಚಾರ ಪಡೆಯುವುದು ಹೇಗೆಂದು ನಮಗೆಲ್ಲ ಅರ್ಧ ಗಂಟೆ ಉಪನ್ಯಾಸ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ಹುಲ್ಲು ನೀರಿಗೆ ಎಂದೂ ತಡ ಮಾಡದ,
ತಮ್ಮ ವಿಶ್ವಾಸಿ,
ನೋಲೀನ್

ಮರೆತ ಮಾತು: ಈ ಪತ್ರವನ್ನು ನಮ್ಮೂರ ವಾರಪತ್ರಿಕೆಗೂ ಕೊಟ್ಟಿದ್ದೇನೆ. 'ಯೋನಿ' ಎಂದು ಅಚ್ಚಾದರೆ ಓದುಗರಿಗೆ ಮುಜುಗರ, 'ಹೆಂಗಸರ ತೊಂದರೆ' ಎಂದು ಬದಲಿಸಲೇ ಎಂದು ಅದರ ಸಂಪಾದಕರು ಕೇಳಿದ್ದಾರೆ. ಕಳೆದ ವಾರ ಮುಖಪುಟದಲ್ಲಿ ಮಾರಾಟದ ಹೋರಿಯ ವೃಷಣದ ಸುತ್ತಳತೆಯನ್ನು ಫೋಟೋ ಸಮೇತ, ಸೆಂಟಿಮೀಟರ್ ಲೆಕ್ಕದಲ್ಲಿ ಅಚ್ಚು ಹಾಕಿದವರು ಇವರೇ.