ಗಂಟಲಲ್ಲಿ ಕೂತ ಹೆಣ್ಣು ಟರ್ಕಿ

ಆ ವರ್ಷದ ಏಪ್ರಿಲ್‌ನಲ್ಲಿ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಅಮೆರಿಕದ ಕಾಡಿನ ಗಂಡು ಟರ್ಕಿ ಕೋಳಿಯೊಂದನ್ನು ಬರೀ ಬಾಯಿಂದ ಕೂಗಿ, ನನ್ನ ಕಾಲ ಬುಡಕ್ಕೆ ಕರೆಸಿಕೊಂಡೇ ತೀರುತ್ತೇನೆ!

ಇದಕ್ಕೆಲ್ಲ ಕಾರಣ ಗ್ಲೆನ್. ಸಿಯಾಟಲ್ ಪಕ್ಕದ ಬೆಲ್‌ವ್ಯೂನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು. ಎದೆಯವರೆಗೆ ಗಡ್ಡ, ವರ್ಷವಿಡೀ ಬೇಟೆಯ ಮಾತು. ಕೇಶವ ಎಂಬ ನನ್ನ ಹೆಸರನ್ನು ಮೊಟಕುಮಾಡಿ 'ಕ್ಯಾಶ್' ಎನ್ನುತ್ತಿದ್ದ. ನನ್ನ ಜೇಬಿನಲ್ಲಿ ಎಂದೂ ನಿಲ್ಲದ ವಸ್ತುವಿನ ಹೆಸರು!

"ವಸಂತದಲ್ಲಿ ಹೊಡೆಯುವುದು ಗಂಡು ಟರ್ಕಿಯನ್ನು, ಕ್ಯಾಶ್. ಅದು ಬರಬೇಕಾದರೆ ನಾವು ಹೆಣ್ಣಿನ ಹಾಗೆ ಕೂಗಬೇಕು. ಬಂದೂಕು ನಾನು ಹಿಡಿಯುತ್ತೇನೆ. ಕೂಗೋದಕ್ಕೆ ಬರುತ್ತೀಯಾ?" ಎಂದ.

ಕಾಲೇಜಿನಲ್ಲಿ ಮಿಮಿಕ್ರಿ ಮಾಡಿ ಸ್ಟೀಲ್ ಲೋಟ ಗೆದ್ದವನು ನಾನು. ಬಿಡುತ್ತೇನೆಯೇ?

ವಿಷಯ ಕೇಳಿ ನನ್ನ ಹೆಂಡತಿ ಕೌಸಲ್ಯಾ ದೋಸೆ ಮಗುಚುವುದನ್ನೇ ನಿಲ್ಲಿಸಿದಳು.

"ಟರ್ಕಿಗೂ ನಿಮಗೂ ಇರೋ ಸಂಬಂಧ ಅಂದ್ರೆ ಬಚ್ಚಲಲ್ಲಿ ನೇತಾಕಿರೋ ಟರ್ಕಿ ಟವಲ್ ಒಂದೇ ರೀ!"

"ನೋಡ್ತಿರು. ಕೂಗಿದ ತಕ್ಷಣ ಓಡ್ಬರತ್ತೆ."

"ನೀವು ಕೂಗಿದ ತಕ್ಷಣ ಓಡ್ಬರೋ ಗ್ರಹಚಾರ ನನಗಿದೆ. ಆ ಹಕ್ಕಿಗೇನು ಬಂದಿದೆ?"

ಗ್ಲೆನ್ ಕೊಟ್ಟದ್ದು ಕುದುರೆ ಲಾಳದ ಆಕಾರದ ಪುಟ್ಟ ರಬ್ಬರ್ ಪೀಪಿ. ಅಂಗುಳಕ್ಕೆ ಅಂಟಿಸಿಕೊಂಡು ಉಸಿರು ಬಿಟ್ಟರೆ "ಯಾಕ್! ಯಾಕ್! ಯಾಕ್!" ಎಂದು ಹೆಣ್ಣು ಟರ್ಕಿಯ ದನಿ ಹೊರಡಬೇಕು. ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಬಚ್ಚಲೇ ನನ್ನ ಗುರುಕುಲವಾಯಿತು.

"ಯಾಕ್! ಯಾಕ್!" ಒಳಗಿನಿಂದ ನಾನು.

"ನಾನೂ ಅದನ್ನೇ ಕೇಳ್ತಿರೋದು. ಯಾಕ್ರೀ?" ಹೊರಗಿನಿಂದ ಅವಳು.

ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಕೆಳಮನೆಯ ಪ್ರೇಮಮ್ಮನವರು ಶುಂಠಿ ಕಷಾಯ ಹಿಡಿದು ಮೇಲೆ ಹತ್ತಿ ಬಂದರು. "ಪಾಪ, ನಿಮ್ಮೆಜಮಾನ್ರಿಗೆ ವಾಂತಿ ನಿಂತೇ ಇಲ್ವಲ್ಲಮ್ಮ!" ನಾನು ತೆಪ್ಪಗೆ ಕಷಾಯ ಕುಡಿದೆ. ದನಿ ಇನ್ನಷ್ಟು ತಿಳಿಯಾಯಿತು. ಆ ತಾಯಿಯ ಹೊಟ್ಟೆ ತಣ್ಣಗಿರಲಿ!

ಶನಿವಾರ ಬೆಳಕು ಹರಿಯುವ ಹೊತ್ತಿಗೆ ನಾವು ಮೂವರೂ ಬೆಟ್ಟಸಾಲಿನಾಚೆಯ ಕ್ಲಿಕಿಟ್ಯಾಟ್ ಕಡೆ, ಗ್ಲೆನ್‌ನ ಗೆಳೆಯನೊಬ್ಬನ ಜಮೀನಿನಲ್ಲಿದ್ದೆವು. ಸಿಯಾಟಲ್‌ನ ಜಿಟಿಜಿಟಿ ಮಳೆ ಬೆಟ್ಟಗಳ ಆ ಬದಿಗೇ ಉಳಿದಿತ್ತು. ಕೌಸಲ್ಯಾ ಚಿತ್ರಾನ್ನದ ಡಬ್ಬಿಯೊಂದಿಗೆ ಗೇಟಿನ ಬಳಿ ಕಾರಿನಲ್ಲೇ ಕೂತಳು. ಅಲ್ಲಿಂದ ಕೂಗಳತೆ ದೂರದ ಪೈನ್ ಮರಕ್ಕೆ ಒರಗಿ, ಎಲೆಬಣ್ಣದ ಬಟ್ಟೆ ತೊಟ್ಟು, ನಾನೂ ಗ್ಲೆನ್ನೂ ಎರಡು ಪೊದೆಗಳಂತೆ ಕೂತೆವು.

ಕೂಗಿದೆ. ದೂರದಿಂದ "ಗೊಳಗೊಳಗೊಳ!" ಎಂದು ಉತ್ತರ ಬಂತು! ಗ್ಲೆನ್ ಹೆಬ್ಬೆರಳೆತ್ತಿದ. ನಾನು ಹಿರಿಹಿರಿ ಹಿಗ್ಗಿ, ಇನ್ನೂ ಜೋರಾಗಿ ಕೂಗಬೇಕೆಂದು ಎದೆ ತುಂಬ ಗಾಳಿ ಎಳೆದುಕೊಂಡೆ. ಗಾಳಿಯ ಜೊತೆ ಪೀಪಿಯೂ ಒಳಗೆ ಹೋಯಿತು!

ಹೋಗಿ ಗಂಟಲಲ್ಲಿ ಅಡ್ಡ ನಿಂತಿತು. ಉಸಿರು ಒಳಗೂ ಹೋಗದು, ಹೊರಗೂ ಬಾರದು. ನನ್ನ ಮುಖ ಕಂಡ ಗ್ಲೆನ್ ಬಂದೂಕನ್ನು ನೆಲಕ್ಕಿಟ್ಟ. ಹಿಂದಿನಿಂದ ತಬ್ಬಿ ಎತ್ತಿ ನಿಲ್ಲಿಸಿ, ಮುಷ್ಟಿ ಕಟ್ಟಿ ಹೊಟ್ಟೆಯ ಮೇಲೆ ಒತ್ತಿದ.

"ಯಾಕ್!"

ಮತ್ತೆ ಒತ್ತಿದ. "ಯಾಕ್!" ಎಂಥ ಯಾಕ್ ಅಂತೀರಿ! ಬಚ್ಚಲಲ್ಲಿ ಎಷ್ಟು ಸಾಧನೆ ಮಾಡಿದರೂ ಒಲಿಯದ ಶುದ್ಧ ಸ್ವರ! ವಿರಹದಲ್ಲಿ ಬೆಂದ ಹೆಣ್ಣು ಟರ್ಕಿಯ ಪ್ರಾಣವೇ ಹೋಗುತ್ತಿದೆಯೇನೋ ಎಂಬಂಥ ದನಿ. ಹೋಗುತ್ತಿದ್ದದ್ದು ನನ್ನ ಪ್ರಾಣ, ಅಷ್ಟೇ ವ್ಯತ್ಯಾಸ.

ಗಂಡು ಟರ್ಕಿ ಪೊದೆ ಸೀಳಿಕೊಂಡು ಓಡಿಬಂತು! ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಗ್ಲೆನ್‌ನ ಗಡ್ಡಕ್ಕೆ ಸವಾಲೆಸೆಯುವಂಥ ಗಡ್ಡ ಎದೆಯ ಮೇಲೆ ಇಳಿಬಿಟ್ಟು, ಹಸೆಮಣೆಗೆ ಹೊರಟ ಮದುಮಗನ ಗತ್ತಿನಲ್ಲಿ ನಮ್ಮೆದುರೇ ನಿಂತಿತು. ಬಂದೂಕು ಗ್ಲೆನ್‌ನ ಕಾಲ ಬಳಿ. ಅವನ ಕೈಯಲ್ಲಿ ನಾನು! ಇಂಥ ಹಕ್ಕಿಗಾಗಿ ಎಷ್ಟೋ ವಸಂತಗಳನ್ನು ಕಾಡಿನಲ್ಲಿ ಕಾದು ಕಳೆದವನು ಅವನು. ಒಂದು ನಿಟ್ಟುಸಿರು ನನ್ನ ಕಿವಿಗೆ ತಾಗಿತು. ಆಮೇಲೆ ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದ.

ಪೀಪಿ ಚಿಮ್ಮಿ ಮದುಮಗನ ಮೂತಿಗೇ ಬಡಿಯಿತು! ಟರ್ಕಿ ಬೆಚ್ಚಿ, ದಡಬಡ ರೆಕ್ಕೆ ಬಡಿದು ಮರಗಳಾಚೆ ಹಾರಿಹೋಯಿತು.

ಕಾರಿನಿಂದ ನೋಡಿದ್ದ ಕೌಸಲ್ಯಾ ಚಪ್ಪಲಿ ಎಲ್ಲೋ ಬಿಟ್ಟು ಓಡಿಬಂದಳು. "ಉಸಿರಾಡಿ ರೀ... ಇನ್ನೊಂದ್ಸಲ... ಹಾಂ, ಇನ್ನೊಂದ್ಸಲ," ಎನ್ನುತ್ತ ಎದೆ ನೀವಿದಳು. ಆಮೇಲೆ ಗ್ಲೆನ್‌ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅಷ್ಟು ದೊಡ್ಡ ಆಳು ಗಡ್ಡದೊಳಗೇ ಕೆಂಪಾದ. ನಾನು ಸುಮ್ಮನೆ ಉಸಿರಾಡುತ್ತಿದ್ದೆ. ಗಾಳಿಗೂ ರುಚಿ ಇರುತ್ತದೆ ಎಂದು ಅಂದೇ ನನಗೆ ಗೊತ್ತಾದದ್ದು.

ಮರುವಾರ ಗ್ಲೆನ್‌ನನ್ನು ಮನೆಗೆ ಊಟಕ್ಕೆ ಕರೆದೆವು. ಅಂಗಡಿಯಿಂದ ತಂದ ಕೋಳಿಯ ಸಾರು, ಬಿಸಿ ಮುದ್ದೆ. ನಾನು ಗದ್ಗದಿತನಾಗಿ ಭಾಷಣ ಶುರುಮಾಡಿದೆ.

"ಗ್ಲೆನ್, ಅಂಥ ಹಕ್ಕಿ ಎದುರಿಗೇ ನಿಂತಿದ್ದರೂ ನೀನು ಒಂದೇ ಒಂದು ಕ್ಷಣವೂ ಯೋಚನೆ ಮಾಡದೆ ನನ್ನನ್ನು..."

ಗ್ಲೆನ್ ತಟ್ಟೆ ನೋಡುತ್ತ ತಲೆ ಕೆರೆದುಕೊಂಡ. "ಸುಳ್ಳು ಹೇಳಲಾರೆ, ಕ್ಯಾಶ್. ಒಂದು ಕ್ಷಣ ಯೋಚನೆ ಮಾಡಿದೆ. ಹಕ್ಕಿ ತುಂಬಾ ದೊಡ್ಡದಿತ್ತು."

ಕೌಸಲ್ಯಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದು, ಕಣ್ಣಂಚು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಒಂದೇ ಕ್ಷಣ ಅಂತೆ ರೀ! ದೇವರಂಥ ಮನುಷ್ಯ. ನಾನಾಗಿದ್ರೆ ಎರಡು ಕ್ಷಣ ಬೇಕಾಗ್ತಿತ್ತು!"