ಹುಣಸೆ ಮರಕ್ಕೆ ಸಿಕ್ಕ ರಜೆ

ರಜೆ ಗಿಟ್ಟಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ದೇವನಹಳ್ಳಿ ತಾಲ್ಲೂಕಿನಲ್ಲಿ ಇಲ್ಲವೆಂದು ನಾನು ನಂಬಿದ್ದ ಕಾಲವದು. ಯುದ್ಧ ನಡೆಯುತ್ತಿತ್ತು. ದಂಡಿನ ಲಾರಿಗಳು ಓಡಾಡಲೆಂದು ಆವತಿಯ ಹತ್ತಿರ ರಸ್ತೆ ಅಗಲ ಮಾಡುತ್ತಿದ್ದರು. ಆ ಕೆಲಸಕ್ಕೆ ಸ್ಕಾಟ್ಲೆಂಡಿನಿಂದ ಬಂದ ಒಬ್ಬ ಇಂಜಿನಿಯರ್ ದೊರೆ. ದೊರೆಗೆ ನಾನು ದುಭಾಷಿ. ಅವರ ಇಂಗ್ಲಿಷನ್ನು ಕೂಲಿಯವರಿಗೂ ಕೂಲಿಯವರ ಕನ್ನಡವನ್ನು ಅವರಿಗೂ ದಾಟಿಸುವುದು ನನ್ನ ಕೆಲಸ. ದಾಟಿಸುವಾಗ ಸ್ವಲ್ಪ ನನ್ನದೂ ಸೇರುತ್ತಿತ್ತು.

ನಮ್ಮವರು ಕೆಲಸ ಮಾಡುವ ರೀತಿಯೆಂದರೆ ದೊರೆಗೆ ಪ್ರಾಣ. ಬೆಳಿಗ್ಗೆ ಗುದ್ದಲಿಗೆ ಕೈಮುಗಿದು ಶುರು ಮಾಡುವುದು, ಒಬ್ಬನ ಬುತ್ತಿಯ ಮುದ್ದೆಯನ್ನು ನಾಲ್ವರು ಮುರಿದು ತಿನ್ನುವುದು, ರಾಹುಕಾಲದಲ್ಲಿ ಹೊಸ ಗುಂಡಿ ತೆಗೆಯದಿರುವುದು, ಎಲ್ಲವೂ ಅವರಿಗೆ ಇಷ್ಟ. "ನಮ್ಮ ದೇಶದಲ್ಲಿ ಕೆಲಸಗಾರನಿಗೂ ಅವನ ಗುದ್ದಲಿಗೂ ಮಾತುಕತೆಯೇ ಇಲ್ಲ" ಎಂದು ಕೊರಗುತ್ತಿದ್ದರು. ಇನ್ನೂ ಏನೇನು ಪದ್ಧತಿಗಳಿವೆ ಹೇಳು ಎಂದು ದಿನವೂ ನನ್ನನ್ನು ಪೀಡಿಸುತ್ತಿದ್ದರು. ಇದ್ದ ಪದ್ಧತಿಗಳೆಲ್ಲ ಮುಗಿದ ಮೇಲೆ ನಾನೇ ತಯಾರಿಸತೊಡಗಿದೆ. ಊಟವಾದ ಮೇಲೆ ದುಭಾಷಿ ಸ್ವಲ್ಪ ಹೊತ್ತು ಮಲಗದಿದ್ದರೆ ಭೂಮಿತಾಯಿ ಮುನಿಯುತ್ತಾಳೆ ಎಂದೆ. ಮರುದಿನ ಅವರೇ ಚಾಪೆ ತರಿಸಿಕೊಟ್ಟರು.

ಹೀಗಿರುವಾಗ, ನನ್ನ ಹೆಂಡತಿಯೂ ಇದ್ದ ತೂಬಗೆರೆಯ ಮನೆಯಿಂದ ಅಮ್ಮ ಹೇಳಿ ಕಳಿಸಿದಳು. ಶುಕ್ರವಾರ ನನ್ನ ತಂಗಿ ಲಕ್ಷ್ಮಿಯನ್ನು ನೋಡಲು ಜಡಿಗೇನಹಳ್ಳಿಯಿಂದ ಗಂಡಿನ ಕಡೆಯವರು ಬರುತ್ತಾರಂತೆ. ಅಪ್ಪ ತೀರಿಕೊಂಡಿದ್ದರು, ಮನೆಗೆ ಹಿರಿಯ ಗಂಡಸು ನಾನೇ. ಆಗಲೇ ಎರಡು ಸಂಬಂಧ ಮುರಿದುಬಿದ್ದಿದ್ದವು. ಮೂರನೆಯದೂ ಹೋದರೆ ಊರವರು ಹುಡುಗಿಯಲ್ಲೇ ಐಬು ಹುಡುಕುತ್ತಾರೆ. ಲಕ್ಷ್ಮಿ ಅಳುವುದನ್ನೂ ಬಿಟ್ಟು ಮಂಕಾಗಿದ್ದಳು. ಈ ಸಲ ನಾನು ಹೋಗಲೇಬೇಕಿತ್ತು.

ದೊರೆ ರಜೆ ಕೊಡಲಿಲ್ಲ. ರಸ್ತೆಗೆ ಅಡ್ಡವಿದ್ದ ಹಳೇ ಹುಣಸೆ ಮರವನ್ನು ಶುಕ್ರವಾರವೇ ಉರುಳಿಸಬೇಕು, ನೀನಿಲ್ಲದೆ ಆಗದು ಎಂದರು. ಆಗ ನನ್ನ ತಲೆ ಓಡಿತು.

"ನಮ್ಮಲ್ಲಿ ಮರವನ್ನು ಕೇಳದೆ ಕಡಿಯುವುದಿಲ್ಲ. ಹಿಂದಿನ ಸಂಜೆ ಬುಡಕ್ಕೆ ಕೊಡಲಿ ಒರಗಿಸಿಡಬೇಕು. ಬೆಳಿಗ್ಗೆ ಅದು ಬಿದ್ದಿದ್ದರೆ ಮರ ಒಪ್ಪಲಿಲ್ಲ ಎಂದರ್ಥ. ಆ ದಿನ ಯಾರೂ ಕೆಲಸ ಮಾಡುವಂತಿಲ್ಲ" ಎಂದೆ.

ದೊರೆಯ ಕಣ್ಣು ತುಂಬಿ ಬಂತು. ಗುರುವಾರ ಸಂಜೆ ನಾನೇ ಖುದ್ದಾಗಿ ಹೋಗಿ, ಇರುವೆ ಹತ್ತಿದರೂ ಜಾರಿ ಬೀಳುವಂತೆ ಕೊಡಲಿ ಒರಗಿಸಿದೆ. ತೂಬಗೆರೆಗೆ ಉಟ್ಟು ಹೋಗುವ ಪಂಚೆಯನ್ನು ಮಡಿಸಿಟ್ಟು ನಿಶ್ಚಿಂತೆಯಾಗಿ ಮಲಗಿದೆ.

ಬೆಳಿಗ್ಗೆ ಕೊಡಲಿ ಬಿದ್ದಿರಲಿಲ್ಲ. ಒರಗಿಕೊಂಡೂ ಇರಲಿಲ್ಲ. ಮರದಿಂದ ಗೇಣು ದೂರದಲ್ಲಿ, ಕಾವಿನ ತುದಿಯ ಮೇಲೆ, ನೆಟ್ಟಗೆ ನಿಂತಿತ್ತು.

ಯಾರೋ ತಮಾಷೆಗೆ ಹೂತಿರಬೇಕೆಂದು ನೂಕಿದೆ. ಅಲ್ಲಾಡಲಿಲ್ಲ. ಮಣ್ಣು ಕೆರೆದು ನೋಡಿದೆ, ಹೂತಿರಲಿಲ್ಲ. ಕೂಲಿಯವರೆಲ್ಲ ಹಿಂದಕ್ಕೆ ಸರಿದರು. ಆವತಿಯ ಮುದುಕ ಮುನಿಶಾಮಪ್ಪ ಮಾತ್ರ ಮುಂದೆ ಬಂದ.

"ಈ ಪದ್ಧತಿ ನಿಮಗ್ಯಾರು ಹೇಳಿದ್ರು ಸ್ವಾಮಿ? ನಮ್ ತಾತನ ಕಾಲಕ್ಕೇ ನಿಂತೋಗಿತ್ತಲ್ಲ" ಎಂದ.

ನಾನು ಹುಟ್ಟಿಸಿದ ಪದ್ಧತಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು!

"ಬಿದ್ರೆ ಬ್ಯಾಡ ಅಂತ. ಒರಗಿದ್ರೆ ಆಗ್ಲಿ ಅಂತ. ಹಿಂಗೆ ನಿಂತ್ಕಂಡ್ರೆ, ಸಾಯೋಕ್ ಮುಂಚೆ ಒಂದಿನ ಓಡಾಡ್ಕಂಡ್ ಬತ್ತೀನಿ ಅಂತ. ಹುಟ್ದಾಗಿಂದ ನಿಂತೇ ಅದೆ, ಪಾಪ. ಹೊತ್ತು ಮುಳುಗೋವಷ್ಟ್ರಲ್ಲಿ ಬತ್ತದೆ. ಅಲ್ಲೀಗಂಟ ಕೊಡ್ಲಿ ಇಟ್ಟೋರು ಅದ್ರ ಜಾಗದಾಗೆ ಕುಂತಿರ್ಬೇಕು."

"ಎದ್ದೋದ್ರೆ?" ಎಂದೆ.

"ಎದ್ರೆ ಅದು ವಾಪಸ್ ಬರಾಕಿಲ್ಲ. ಆಮ್ಯಾಕೆ ನೀವೇ ನಿಂತಿರ್ಬೇಕಾಯ್ತದೆ."

ಇದನ್ನು ದೊರೆಗೆ ಬೇರೆ ಏನಾದರೂ ಮಾಡಿ ಹೇಳಬಹುದಿತ್ತು. ಆದರೆ ಹೆದರಿಕೆಯಲ್ಲಿ, ಆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಇದ್ದದ್ದನ್ನು ಇದ್ದ ಹಾಗೆ ದಾಟಿಸಿಬಿಟ್ಟೆ. ದೊರೆ ಟೋಪಿ ತೆಗೆದರು. "ಇಂಥ ದೇಶವೂ ಉಂಟೇ? ನಮ್ಮಲ್ಲಿ ಜೀವಮಾನವೆಲ್ಲ ದುಡಿದವನನ್ನೂ ಹೀಗೆ ಕೇಳುವವರಿಲ್ಲ" ಎಂದರು. ನನಗೆ ಸಿಗದ ರಜೆ ಮರಕ್ಕೆ ಮಂಜೂರಾಯಿತು.

ಕೊಡಲಿಯ ಕಾವು ಹಿಡಿದು ಬುಡದಲ್ಲಿ ಕೂತೆ. ರಸ್ತೆಯಾಚೆಯ ಬೇವು ಗಾಳಿಗೆ ಓಲಾಡುತ್ತಿತ್ತು. ನನ್ನ ತಲೆಯ ಮೇಲೆ ಒಂದು ಎಲೆಯೂ ಅಲುಗಲಿಲ್ಲ. ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಹೋದ ಮನೆಯ ಹಾಗಿತ್ತು ಆ ಮರ. ಇರುವೆಗಳ ಸಾಲು ಕಾಂಡವನ್ನು ಬಿಟ್ಟು ನನ್ನ ತೋಳು ಹತ್ತಿ, ಕುತ್ತಿಗೆ ಬಳಸಿ, ಇನ್ನೊಂದು ತೋಳಿನಿಂದ ಇಳಿದುಹೋಯಿತು. ಕಚ್ಚಲಿಲ್ಲ. ಕಚ್ಚಿದ್ದರೆ ಧೈರ್ಯ ಬರುತ್ತಿತ್ತು. ಮಧ್ಯಾಹ್ನ ಒಂದು ಕಾಗೆ ಬಂದು ನನ್ನ ನೆತ್ತಿಯ ಮೇಲೆ ಕೂತು ಕೊಕ್ಕು ಉಜ್ಜಿಕೊಂಡಿತು. ಕಾಲು ಮರಗಟ್ಟಿತ್ತು. ಮರಗಟ್ಟುವುದೆಂಬುದು ಬರೀ ಮಾತಾಗಿರಲಿ ದೇವರೇ ಎಂದು ಬೇಡಿಕೊಂಡೆ.

ಈ ಹೊತ್ತಿಗೆ ಗಂಡಿನ ಕಡೆಯವರು ಬಂದಿರುತ್ತಾರೆ, ಅಣ್ಣನೆಲ್ಲಿ ಎಂದು ಕೇಳಿರುತ್ತಾರೆ, ಲಕ್ಷ್ಮಿ ತಲೆ ತಗ್ಗಿಸಿರುತ್ತಾಳೆ. ಅದನ್ನು ನೆನೆದಾಗ ಭಯ ಹೋಗಿ ಅಳು ಬಂತು.

ಹೊತ್ತು ಮುಳುಗುವಾಗ ತೂಬಗೆರೆಯ ದಿಕ್ಕಿನಿಂದ ಗಾಳಿ ಬೀಸಿತು. ಮರ ಬುಡದಿಂದ ತುದಿಯವರೆಗೆ ಒಮ್ಮೆ ನಡುಗಿತು. ಕೊಡಲಿ ತಾನಾಗಿ ನನ್ನ ಕೈಯಿಂದ ಜಾರಿ ಬಿತ್ತು.

"ಬಂತು" ಎಂದ ಮುನಿಶಾಮಪ್ಪ.

ದೊರೆ ಗಡಿಯಾರ ನೋಡಿಕೊಂಡರು. "ರಜೆ ಮುಗಿಸಿ ಹೇಳಿದ ಹೊತ್ತಿಗೆ ಬರುವ ಕೆಲಸಗಾರನನ್ನು ನಾನು ತೆಗೆದುಹಾಕುವುದಿಲ್ಲ" ಎಂದು, ರಸ್ತೆಯನ್ನೇ ಪಕ್ಕಕ್ಕೆ ತಿರುಗಿಸಲು ಹೇಳಿದರು.

ಶನಿವಾರ ತೂಬಗೆರೆಗೆ ಓಡಿದೆ. ತಪ್ಪಾಯಿತೆಂದು ಅಮ್ಮನ ಕಾಲಿಗೆ ಬೀಳಲು ಬಗ್ಗಿದರೆ ಅವಳು ನನ್ನ ಬಾಯಿಗೆ ಬೆಲ್ಲ ಹಾಕಿದಳು.

"ಇದೇನೋ, ನೆನ್ನೆ ತಾನೆ ಹೋದೆ, ಆಗ್ಲೇ ಬಂದ್ಬಿಟ್ಟೆ? ಒಪ್ಕೊಂಡ್ ಹೋದ್ರು ಕಣೋ. ಎಲ್ಲಾ ನಿನ್ನಿಂದ."

"ನಾನು ಬರ್ಲೇ ಇಲ್ವಲ್ಲಮ್ಮ."

"ತಮಾಷೆ ಸಾಕು. ಜಗಲಿ ಮೇಲೆ ನೆಟ್ಟಗೆ ಕೂತ್ಕೊಂಡು, ಅವ್ರು ಅಂದಿದ್ದಕ್ಕೆಲ್ಲ ತಲೆ ಆಡಿಸ್ದೆ. ಒಂದು ಮಾತಾಡಿದ್ರೆ ಕೇಳು. ಎಂಥಾ ತೂಕದ ಮನುಷ್ಯ ಅಂದ್ರು ಬೀಗ್ರು. ಹಿಂದಿನ ಎರಡು ಸಂಬಂಧಾನೂ ನಿನ್ನ ಬಾಯಿಂದ ತಾನೇ ಕೆಟ್ಟಿದ್ದು? ಅದ್ಸರಿ, ಹುಣಸೆ ಗೊಜ್ಜು ಮಾತ್ರ ಯಾಕೆ ಮುಟ್ಲಿಲ್ಲ?"

ಲಕ್ಷ್ಮಿ ಬಾಗಿಲ ಮರೆಯಲ್ಲಿ ನಿಂತು ನಗುತ್ತಿದ್ದಳು. ಆ ನಗು ಕಂಡ ಮೇಲೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಹೆಂಡತಿಯನ್ನು ಮಾತ್ರ ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಅವಳು ಒಣಹಾಕಿದ್ದ ಬಟ್ಟೆ ತೆಗೆಯುತ್ತಲೇ ಹೇಳಿದಳು:

"ಧಾರೆ ದಿನಾನೂ ಅವ್ರೇ ಬರ್ಲಿ. ನೀವು ಆ ಮರದ ಬುಡದಲ್ಲೇ ಕೂತಿರಿ."

ಮದುವೆಯಲ್ಲಿ ಹುಡುಗಿಯ ಅಣ್ಣ ಬಹಳ ಗಂಭೀರವಾಗಿ ನಡೆದುಕೊಂಡರೆಂದು ಜಡಿಗೇನಹಳ್ಳಿಯವರು ಇಂದಿಗೂ ಹೊಗಳುತ್ತಾರೆ. ನಾನು ಆವತಿಯಲ್ಲಿದ್ದೆ. ಊಟ ಹೇಗಿತ್ತೋ ಗೊತ್ತಿಲ್ಲ.