ಹಿಂದಿನ ಕೋಣೆಗೆ ಮುಟ್ಟದ ನೆಟ್ಟು, ನನಗೆ ಸಿಗದ ಕಪ್ಪು-ಬಸಿ

ಮುಂದಿನ ಕೋಣೆಯಲ್ಲಿ ಬರೋ ವಯರ್‌ಲೆಸ್ ನೆಟ್ಟನ್ನು ಹಿಂದಿನ ಕೋಣೆಗೆ ಮುಟ್ಟಿಸೋದು ಆಗ ನನ್ನ ಧಂದೆ. ಎಮ್ಮೆ ಕಾಯ್ದು ಬೆಳೆದವನಾದರೂ, ಸಿಗ್ನಲ್ ಯಾವ ಗೋಡೆಗೆ ಸಾಯುತ್ತದೆ ಅಂತ ಬಾಗಿಲಲ್ಲೇ ನಿಂತು ಹೇಳ್ತಿದ್ದೆ. ಹಾವೇರಿ ಜಿಲ್ಲೆಯಲ್ಲಿ ನನಗೆ ಸರಿಸಾಟಿ ಯಾರೂ ಇರಲಿಲ್ಲ. ಹುಬ್ಬಳ್ಳಿಯಿಂದ ಒಬ್ಬ ಬರ್ತಿದ್ದ, ಅವನನ್ನು ಬಿಟ್ಟರೆ. ಬೂಟು, ಇನ್‌ಶರ್ಟು, ಕರೀ ಬ್ಯಾಗು. ಕೆಲಸ ಇಬ್ಬರದೂ ಒಂದೇ. ಅವನಿಗೆ ಮಾತ್ರ ಎಲ್ಲರ ಮನೆಯಲ್ಲೂ ಪಿಂಗಾಣಿ ಕಪ್ಪು-ಬಸಿಯಲ್ಲಿ, ಅಂದರೆ ಕಪ್ಪು-ಸಾಸರಿನಲ್ಲಿ, ಚಹಾ, ನನಗೆ ಸ್ಟೀಲ್ ಲೋಟದಲ್ಲಿ. ಹೊಟ್ಟೆ ಉರಿಯೋ ಪ್ರಸಂಗ ವಾರಕ್ಕೊಂದಾದರೂ ನಡೀತಿತ್ತು.

೧. ಹಾವೇರಿಯ ಸಾಣಿಗಿ

ನಿವೃತ್ತ ಮಾಸ್ತರ ಮನೆ. ಮಲಗೋ ಕೋಣೆಗೆ ನೆಟ್ ಬರ್ತಿರಲಿಲ್ಲ. ಅಡಿಗೆಮನೆಯಿಂದ ಹಿಟ್ಟು ಜರಡಿ ಹಿಡಿಯೋ ತಂತಿ ಸಾಣಿಗಿ ತಂದು ನೆಟ್ಟಿನ ರೂಟರ್ ಡಬ್ಬಿಯ ಹಿಂದೆ ನಿಲ್ಲಿಸಿದೆ. ಸಿಗ್ನಲ್ ಅದಕ್ಕೆ ಬಡಿದು ಸೀದಾ ಕೋಣೆಗೆ ನುಗ್ಗಿತು! "ಭಾಳ ಶಾಣ್ಯಾ ಅದೀಯಲೋ ತಮ್ಮಾ" ಅಂದರು ಮಾಸ್ತರು.

ನಾಲ್ಕು ದಿನಕ್ಕೆ ಅವರದೇ ಫೋನು: "ದಿನಾ ಮುಂಜಾನೆ ಹತ್ತಕ್ಕ ನೆಟ್ ಹೋಗಾಕತ್ತೈತಿ."

ಓಡಿದೆ. ಅವರ ಮನೆಯವರು ಅದೇ ಸಾಣಿಗಿ ಹಿಡಿದು ಜೋಳದ ಹಿಟ್ಟು ಸಾಣಿಸ್ತಿದ್ದರು.

"ಅಕ್ಕಾರ, ಅದನ್ನ ತಗೀಬ್ಯಾಡ್ರಿ, ನೆಟ್ ಹೋಗತೈತಿ!"

"ಮತ್ತ ಮಾಸ್ತರಿಗೆ ಊಟಕ್ಕ ನೆಟ್ ಬಡಸ್ಲೇನೋ?"

ಮರುವಾರ ಹುಬ್ಬಳ್ಳಿಯವ ಬಂದು ಅಲ್ಲಿ ಇನ್ನೊಂದು ಡಬ್ಬಿ ಕೂಡಿಸಿದ. ಕಪ್ಪು-ಬಸಿ ಸಿಕ್ಕಿತು. ಜೊತೆಗೆ, ನನ್ನ ಸಾಣಿಗಿಯಲ್ಲಿ ಸಾಣಿಸಿದ ಹಿಟ್ಟಿನ ರೊಟ್ಟಿ!

೨. ರಾಣೆಬೆನ್ನೂರಿನ ಪಾಲು

ಬೀಜದಂಗಡಿಯ ಅಣ್ಣ-ತಮ್ಮಂದಿರು. ಮನೆಯ ನಡುವೆ ಗೋಡೆ ಎತ್ತಿ ಪಾಲಾಗಿದ್ದರು, ನೆಟ್ ಮಾತ್ರ ಕೂಡಿತ್ತು. ಟೇಪು ಹಿಡಿದು ಅಳೆದು ಡಬ್ಬಿಯನ್ನು ಗೋಡೆಯ ಮೇಲೆ ನಟ್ಟನಡುವೆ ಇಡಿಸಿದರು.

"ಆಂಟೆನಾ ಕೋಲು ಅಣ್ಣನ ಕಡೆ ವಾಲೇತಿ," ಅಂದ ತಮ್ಮ.

"ನಿನ್ನ ಕಡೇನ ವಾಲೇತಿ, ಕಣ್ಣ ತೋರಿಸ್ಕೊ ಹೋಗ!" ಅಂದ ಅಣ್ಣ.

ಹಳೇ ರೇಡಿಯೋದ ಕೋಲೊಂದನ್ನು ತಮ್ಮನ ಕಡೆಗೆ ಅಂಟಿಸಿಬಿಟ್ಟೆ. ಅದಕ್ಕೆ ಒಂದು ವಯರೂ ಇಲ್ಲ. ಸಂಜೆ ತಮ್ಮ ಫೋನಿನಲ್ಲಿ ಪಿಸುಗುಟ್ಟಿದ: "ಈಗ ಹಾರಾಕತ್ತೈತಿ ನೋಡ. ಅಣ್ಣಗ ಹೇಳಬ್ಯಾಡ." ಮುಂಜಾನೆ ಅಣ್ಣನ ಫೋನು: "ನನ್ನ ಕಡೆ ಎರಡು ಹಚ್ಚು."

ಇಂಥ ತಲೆ ಆ ಕರೀ ಬ್ಯಾಗಿನಲ್ಲಿ ಎಲ್ಲಿಂದ ಬರಬೇಕು? ಚಹಾ ಏನೋ ಇಬ್ಬರ ಮನೆಯಲ್ಲೂ ಕೊಟ್ಟರು. ಅರ್ಧರ್ಧ ಲೋಟ.

೩. ಬ್ಯಾಡಗಿಯ ಕಪ್ಪು-ಬಸಿ

ಮೆಣಸಿನಕಾಯಿ ಸಾವ್ಕಾರ್ರದು ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಗೋದಾಮು. "ನೆಟ್ ನಮ್ಮ ಮನಿಗೆ ಮುಟ್ಟಿಸಿದ್ರ ಈ ಓಣಿಯ ಎಲ್ಲಾ ಅಂಗಡಿ ನಿನಗ" ಅಂದಿದ್ದರು. ಮಳೆಗಾಲದಲ್ಲಿ ಖಾಲಿ ಗೋದಾಮು ದಾಟಿಸಿ ಮುಟ್ಟಿಸಿದೆ. ಸುಗ್ಗಿ ಬಂತು, ನೆಟ್ ಸತ್ತಿತು. ಡಬ್ಬಿ ಬದಲಿಸಿದೆ, ಜಾಗ ಬದಲಿಸಿದೆ. ಇಲ್ಲ. ಸಾವ್ಕಾರ್ರು ಹುಬ್ಬಳ್ಳಿಯವನನ್ನು ಕರೆಸಿದರು.

ಎದುರಿನ ಚಹಾದಂಗಡಿಯಿಂದ ನೋಡ್ತಿದ್ದೆ. ಅವನು ಕೂತು ಕಪ್ಪು-ಬಸಿ ಮುಗಿಸಿದ, ಅವಲಕ್ಕಿ ತಿಂದ. ಅಷ್ಟರಲ್ಲಿ ಹಮಾಲರು ಗೋದಾಮಿನ ಮೆಣಸಿನಕಾಯಿ ಚೀಲ ಎಲ್ಲ ಹೊತ್ತು ಕೋಲ್ಡ್ ಸ್ಟೋರೇಜಿನ ಲಾರಿಗೆ ಹೇರಿದ್ದರು. ಅವನು ಎದ್ದು ಒಂದು ಗುಂಡಿ ಒತ್ತಿದ. ನೆಟ್ ಬಂತು! ಅವನಿಗೆ ಶಾಲು ಹೊದಿಸಿದರು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಅಂತಾರೆ. ಅವತ್ತು ನನ್ನ ಹೊಟ್ಟೆಯನ್ನು ಕೇಳಬೇಕಿತ್ತು.

ಎಂಟು ದಿನಕ್ಕೆ ಹೊಸ ಚೀಲ ಬಿದ್ದವು, ನೆಟ್ ಮತ್ತೆ ಹೋಯಿತು. ಆಗ ನನಗೆ ಹೊಳೀತು. ಓಡಿ ಹೋದೆ.

"ಸಾವ್ಕಾರ್ರ, ಅವತ್ತ ನೆಟ್ ತಂದಾವ ಅವ ಅಲ್ರಿ! ಚೀಲ ಅಡ್ಡ ಬಂದ್ರ ನೆಟ್ ಹೋಗತೈತಿ. ಹಮಾಲ್ರು ಚೀಲ ಎತ್ತಿದ್ರು, ಅದಕ್ಕ ಬಂತು!"

ಸಾವ್ಕಾರ್ರು ಅಲ್ಲೇ ಇದ್ದ ಹಿರಿಯ ಹಮಾಲ ಕಾಕಾನಿಂದ ಚೀಲ ಸರಿಸಿ ನೋಡಿದರು. ಬಂತು. ನಾನು ಮೀಸೆ ತಿರುವಿ, ಓಣಿಯ ಮಾತು ಎತ್ತಲಿ ಅಂತ ಕಾದೆ.

"ಖರೇ ಹೇಳಿದಿ ನೋಡ," ಅಂದವರು ಒಳಗೆ ಕೂಗಿದರು, "ಏ, ಹಮಾಲ ಕಾಕಾಗ ಚಹಾ ತರ್ರಿ. ಕಪ್ಪು-ಬಸಿ ತರ್ರಿ!"

ಅಂದಿನಿಂದ ಆ ಓಣಿಯಲ್ಲಿ ನೆಟ್ ಹೋದರೆ ನನಗೂ ಫೋನಿಲ್ಲ, ಹುಬ್ಬಳ್ಳಿಯವನಿಗೂ ಇಲ್ಲ. ಕಾಕಾ ಬಂದು ನಾಲ್ಕು ಚೀಲ ಸರಿಸಿ "ಬಂತೇನ್ರಿ?" ಅಂತಿದ್ದ. ಒಂದು ದಿನ ನಾವಿಬ್ಬರೂ ಎದುರಿನ ಅಂಗಡಿಯಲ್ಲಿ ಗಾಜಿನ ಗ್ಲಾಸು ಹಿಡಿದು ಕಾಕಾನ ಕೈಯ ಕಪ್ಪು-ಬಸಿಯನ್ನೇ ನೋಡ್ತಾ ಕೂತಿದ್ವಿ. ಹುಬ್ಬಳ್ಳಿಯವ ಮೆಲ್ಲಗೆ ಕೇಳಿದ:

"ದೋಸ್ತ, ಈ ಚೀಲ ಹೊರೋದು ಎಲ್ಲಿ ಕಲಿಸ್ತಾರೋ?"